ಭೋಂಗಾ ಹೊಡೆದರೆ ಓಡಬೇಕೋ ಬೇಡವೋ

ವೈರು ಸಡಿಲಾಗಿರಬಹುದು. ವೈರನ್ನು ಇಲಿ ಕಡಿದಿರಬಹುದು. ಇಲಿ ಕಡಿಯದೆ ಬರೀ ಮೂಸಿ ಹೋಗಿದ್ದರೂ, ಕುರಕುಂಭದ ಕಾರ್ಖಾನೆಗಳ ಗಾಳಿಗೆ ತಾಮ್ರ ಹಸಿರುಗಟ್ಟಿರಬಹುದು. ಡಬ್ಬಿಯೊಳಗೆ ಹಲ್ಲಿ ಹೊಕ್ಕಿರಬಹುದು; ನಗಬೇಡಿ, ರಾಂಜಣಗಾಂವದಲ್ಲಿ ಒಮ್ಮೆ ಹಾಗೇ ಆಗಿತ್ತು, ಪಾಪದ ಹಲ್ಲಿ ಎರಡು ತಂತಿಗಳ ನಡುವೆ ಸೇತುವೆಯಾಗಿ ಸತ್ತಿತ್ತು. ಕರೆಂಟು ಏರಿಳಿದಿರಬಹುದು. ಸೆನ್ಸರಿಗೆ ಮುಪ್ಪು ಬಂದಿರಬಹುದು. ನನಗೆ ಮುಪ್ಪು ಬಂದಿರಬಹುದು. ಹೊಸ ಅಪ್‌ಡೇಟ್ ಹಾಕುವಾಗ ಹಳೆಯದರ ತುಂಡೊಂದು ಒಳಗೇ ಉಳಿದಿರಬಹುದು. ಮೆಮೊರಿ ತುಂಬಿರಬಹುದು. ಬೆಂಗಳೂರಿನಲ್ಲಿ ಕೂತು ಕಂಪ್ಯೂಟರಿನ ಒಳಗಿನ ಕೆಲಸ ನೋಡುವ ನನ್ನ ಸಹೋದ್ಯೋಗಿ ತಪ್ಪು ಸಂಖ್ಯೆ ಕಳಿಸುತ್ತಿರಬಹುದು. ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಊಹೆ. ಅವರು ಸರಿಯಾಗಿ ಕಳಿಸಿದ್ದನ್ನು ನಾನು ತಪ್ಪಾಗಿ ಓದುತ್ತಿರಬಹುದು. ಇದನ್ನು ತೀರ ಹಿಂದಿನ ಸಾಲಿಗೆ ತಳ್ಳಿದ್ದೆ. ಇವೆಲ್ಲ ಬಿಟ್ಟು, ನಿಜವಾಗಿಯೂ ಗ್ಯಾಸೇ ಸೋರುತ್ತಿರಬಹುದು. ಅದೂ ಅಲ್ಲದೆ, ಮನೆಯಲ್ಲಿ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡದೆ ಬಂದಿರಬಹುದು.

ಸೋಲಾಪುರ ರಸ್ತೆಯಲ್ಲಿ ಹಡಪಸರ ದಾಟುವಷ್ಟರಲ್ಲಿ ಇಷ್ಟೂ ತಲೆಯೊಳಗೆ ಒಂದು ಸುತ್ತು ತಿರುಗಿ ಮತ್ತೆ ಇಲಿಗೆ ಬಂದು ನಿಂತಿತ್ತು.

ನನ್ನ ಕೆಲಸ ಎಂಥದ್ದೆಂದು ನೆಂಟರಿಗೆ ತಿಳಿಸಿ ಹೇಳುವುದರಲ್ಲಿ ನಾನು ಹಲವು ಸಲ ಸೋತಿದ್ದೇನೆ. ಇನ್ನೊಮ್ಮೆ ಸೋತು ನೋಡುತ್ತೇನೆ. ವಿಮಾನ ನಗರದಲ್ಲಿ ನಮ್ಮದೊಂದು ಸಣ್ಣ ಕಂಪನಿ. ಕಾರ್ಖಾನೆಯಲ್ಲಿ ವಿಷದ ಗ್ಯಾಸು ಸೋರಿದರೆ ಕೂಗಿ ಎಚ್ಚರಿಸುವ ಡಬ್ಬಿಯನ್ನು ಮಾಡುತ್ತೇವೆ. ಡಬ್ಬಿಯೊಳಗೆ ಅಂಗೈ ಅಗಲದ ಒಂದು ಕಂಪ್ಯೂಟರ್. ಅದರೊಳಗೆ ಎರಡು ಕೋಣೆ ಅಂದುಕೊಳ್ಳಿ. ಒಂದು ಕರ್ನಲ್. ಧಾರವಾಡದ ಖಾನಾವಳಿಯ ಅಡುಗೆಮನೆ ಇದ್ದ ಹಾಗೆ: ಬೆಂಕಿ, ಹೊಗೆ, ರೊಟ್ಟಿ ಬಡಿಯುವ ಸದ್ದು ಎಲ್ಲ ಅಲ್ಲೇ, ಹೊರಗಿನವರಿಗೆ ಪ್ರವೇಶ ಇಲ್ಲ. ಸೆನ್ಸರಿನ ತಂತಿ ಬಂದು ಸೇರುವುದು ಆ ಕೋಣೆಗೆ. ಇನ್ನೊಂದು ಹೊರಗಿನ ಪಡಸಾಲೆ. ಅಲ್ಲಿ ನಾನು ಬರೆದ ಪ್ರೋಗ್ರಾಮು ಯಾರ ಕಣ್ಣಿಗೂ ಬೀಳದೆ ಕೂತು ದುಡಿಯುತ್ತಿರುತ್ತದೆ. ಇಂಥ ಪ್ರೋಗ್ರಾಮಿಗೆ ನಮ್ಮ ಧಂದೆಯಲ್ಲಿ ಡೀಮನ್ ಅನ್ನುತ್ತಾರೆ. ಅದರ ಕೆಲಸ ಇಷ್ಟೆ: ಗಳಿಗೆಗೊಮ್ಮೆ ಅಡುಗೆಮನೆಯ ಕಿಟಕಿಗೆ ಹೋಗಿ ಗಾಳಿ ಹೇಗಿದೆ ಎಂದು ಕೇಳುವುದು.

ಒಳಗಿನಿಂದ ಸಾಮಾನ್ಯವಾಗಿ ಉತ್ತರ ಬರುತ್ತದೆ. ಬರದಿದ್ದರೆ, ಯಾಕೆ ಬರಲಿಲ್ಲ ಎಂಬುದನ್ನು ಒಳಗಿನವರು ಬಾಯಿಬಿಟ್ಟು ಹೇಳುವುದಿಲ್ಲ. ಕಿಟಕಿಯ ಪಕ್ಕದ ಪಾಟಿಯ ಮೇಲೆ ಒಂದು ಸಂಖ್ಯೆ ಗೀಚುತ್ತಾರೆ. ಐದು ಅಂದರೆ ಒಲೆಯೇ ಕೆಟ್ಟಿದೆ. ಹತ್ತೊಂಬತ್ತು ಅಂದರೆ ನೀನು ಕೇಳಿದ ಅಡುಗೆಯವನೇ ಇಲ್ಲಿಲ್ಲ. ಹನ್ನೊಂದು ಅಂದರೆ ಈಗ ಇಲ್ಲ, ತುಸು ತಡೆದು ಮತ್ತೆ ಬಾ. ಹೊರಗಿನವನಿಗೆ ಇರುವುದು ಒಂದೇ ಪಾಟಿ. ಅವನು ಬೇರೆ ಎಲ್ಲೇ ಎಡವಿದರೂ ಆ ಸಂಖ್ಯೆ ಅದರ ಮೇಲೆಯೇ ಬೀಳುತ್ತದೆ, ಹಿಂದಿನದು ಅಳಿಸಿಹೋಗುತ್ತದೆ.

ಹನ್ನೊಂದು ಬಂದರೆ ಕಾದು ಮತ್ತೆ ಕೇಳು ಎಂದು ನಾನು ಡೀಮನ್‌ಗೆ ಕಲಿಸಿದ್ದೆ. ಸೆನ್ಸರು ಆಗಾಗ ತನ್ನನ್ನು ತಾನೇ ಕಾಯಿಸಿ ಶುದ್ಧಮಾಡಿಕೊಳ್ಳುವಾಗ ಹನ್ನೊಂದು ಬರುವುದು ರೂಢಿ. ಗುರುತಿಲ್ಲದ ಸಂಖ್ಯೆ ಬಂದರೆ ಅದು ಕೆಟ್ಟದ್ದೇ ಇರಬೇಕು ಎಂದು ಭಾವಿಸಿ ಪ್ರಾಣ ಬಿಡು ಎಂದೂ ಕಲಿಸಿದ್ದೆ. ಗುರುತಿಲ್ಲದ್ದೆಲ್ಲ ಕೆಟ್ಟದ್ದು ಎಂಬುದು ನಾನು ಬೇರೆ ಕಡೆಯೂ ಪಾಲಿಸಿಕೊಂಡು ಬಂದ ನಿಯಮ. ಡೀಮನ್ ಸತ್ತರೆ, ಕಾವಲಿಗೆ ಯಾರೂ ಇಲ್ಲ ಎಂದು ಕರ್ನಲ್ ತಾನೇ ಸೈರನ್ ಹೊಡೆಸುತ್ತದೆ. ಅದೂ ಸರಿಯೇ. ಕಾಣದೆ ಇರುವುದಕ್ಕಿಂತ ಕೂಗುವುದು ಮೇಲು.

ಈ ಸೈರನ್ನಿಗೆ ಕಾರ್ಖಾನೆಯವರು ಭೋಂಗಾ ಅನ್ನುತ್ತಾರೆ. ನಮ್ಮ ಹೊಸ ಅಪ್‌ಡೇಟ್ ಹಾಕಿದ ಮೇಲೆ ಕುರಕುಂಭದ ಆ ಕಾರ್ಖಾನೆಯಲ್ಲಿ ಭೋಂಗಾ ಮೇಲಿಂದ ಮೇಲೆ ಹೊಡೆಯತೊಡಗಿತ್ತು. ಹೊಡೆದಾಗೆಲ್ಲ ಜನ ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಓಡಬೇಕು, ಬಯಲಿನ ಬೇವಿನ ಮರದ ಕೆಳಗೆ ಸೇರಬೇಕು. ಸೇರುತ್ತಿದ್ದರು. ಗ್ಯಾಸು ಇರುತ್ತಿರಲಿಲ್ಲ. ಮರಳಿ ಒಳಗೆ. ಮತ್ತೆ ಭೋಂಗಾ. ಡಬ್ಬಿಯ ಲಾಗ್, ಅಂದರೆ ಅದು ತಾನೇ ಬರೆದಿಡುವ ದಿನಚರಿ, ತೆಗೆದು ನೋಡಿದರೆ ಪ್ರತಿ ಸಲವೂ ಡೀಮನ್ ಸಾಯುವ ಮುನ್ನ ಒಂದೇ ಸಂಖ್ಯೆ ಬರೆದಿಟ್ಟಿತ್ತು: ಇಪ್ಪತ್ತೈದು.

ಇಪ್ಪತ್ತೈದು ಅಂದರೆ ಈ ಸಾಧನಕ್ಕೆ ಸಲ್ಲದ ಕೋರಿಕೆ. ಹಿಂದಿನ ಕಾಲದಲ್ಲಿ ಇದಕ್ಕೆ ಇದ್ದ ಒಕ್ಕಣೆ ಇನ್ನೂ ಚೆಂದ: ‘ಇದು ಟೈಪ್‌ರೈಟರ್ ಅಲ್ಲ’. ರಸಾಯನದ ಕಾರ್ಖಾನೆಯಲ್ಲಿ ಗ್ಯಾಸಿನ ಸೆನ್ಸರು ತಾನು ಟೈಪ್‌ರೈಟರ್ ಅಲ್ಲವೆಂದು ಯಾಕೆ ಹಟ ಹಿಡಿಯಬೇಕು?

ಬೆಂಗಳೂರಿನ ಸಹೋದ್ಯೋಗಿಗೆ ಹಿಂದಿನ ದಿನವೇ ಕೇಳಿದ್ದೆ. ಅವರು ನನಗಿಂತ ಚಿಕ್ಕವರು, ನನಗಿಂತ ಸಮಾಧಾನಿ. ಅಡುಗೆಮನೆಯೊಳಗೆ ಸೆನ್ಸರನ್ನು ಮಾತಾಡಿಸುವ ಡ್ರೈವರ್ ಎಂಬ ಪ್ರೋಗ್ರಾಮು ಅವರದು.

“ಸಾರ್, ನನ್ನ ಡ್ರೈವರ್ ಟ್ವೆಂಟಿಫೈವ್ ಕಳ್ಸೋದೇ ಇಲ್ಲ. ಇಡೀ ಕೋಡ್ ಹುಡುಕ್ದೆ. ಎಲ್ಲೂ ಇಲ್ಲ.”

“ಹಂಗಾರ ನನಗ ಹೆಂಗ ಬಂತು?”

“ಅದನ್ನೇ ನಾನೂ ಕೇಳ್ತಿರೋದು ಸಾರ್. ನಿಮ್ ಕಡೆ ಒಂದ್ಸಲ ನೋಡಿ.”

ನಮ್ಮ ಕಡೆ ನೋಡಿದ್ದೆ. ಆಫೀಸಿನ ಮೇಜಿನ ಮೇಲೆ ಅಂಥದೇ ಡಬ್ಬಿ, ಅಂಥದೇ ಸೆನ್ಸರು ಇಟ್ಟು, ಎದುರಿಗೆ ಕೂತು ದಿನಗಟ್ಟಲೆ ನಡೆಸಿದ್ದೆ. ಡೀಮನ್ ಕಲ್ಲುಗುಂಡಿನ ಹಾಗೆ ಗಟ್ಟಿ. ಹೀಗಾಗಿ ನಾನೇ ಹೊರಟಿದ್ದೆ.

ಲೋಣಿ ಕಾಳಭೋರ ಬಿಟ್ಟು ಮುಂದೆ ಬಂದಾಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವೊಂದು ಹತ್ತಿತು. ಗಾಡಿ ಬದಿಗೆ ಹಾಕಿ ಹೆಂಡತಿಗೆ ಫೋನ್ ಹಚ್ಚಿದೆ. ಅವಳಿಗೆ ಕಾರಿನ ವಿಷಯ ನನಗಿಂತ ಹೆಚ್ಚು ಗೊತ್ತು ಎಂದಲ್ಲ. ಕೆಟ್ಟದ್ದೇನಾದರೂ ಕಂಡರೆ ಮೊದಲು ಯಾರಿಗಾದರೂ ಸುದ್ದಿ ಮುಟ್ಟಿಸಬೇಕು, ಅಲ್ಲಿಯವರೆಗೆ ನನಗೆ ಉಸಿರು ತಿರುಗುವುದಿಲ್ಲ.

“ಕೆಂಪ ದೀಪ ಹತ್ತೇದ,” ಅಂದೆ.

“ಯಾವ ದೀಪರಿ? ಎಣ್ಣಿದೋ, ಬ್ಯಾಟ್ರಿದೋ?”

ತಿರುಗಿ ನೋಡಿದೆ. ಆರಿಹೋಗಿತ್ತು.

“ಈಗ ಇಲ್ಲ.”

“ಹತ್ತಿದಾಗ ಯಾವ ಚಿತ್ರ ಇತ್ತು?”

“ನಿನಗ ಫೋನ್ ಹಚ್ಚೂದ್ರಾಗ ಇದ್ನಲ್ಲ, ನೋಡಲಿಲ್ಲ.”

ಆ ಕಡೆ ಒಂದು ನಿಟ್ಟುಸಿರು. “ಮೊದಲ ನೋಡ್ರಿ, ಆಮ್ಯಾಲ ಸುದ್ದಿ ಹೇಳ್ರಿ ಅಂತ ಎಷ್ಟ ಸಲ ಹೇಳಬೇಕು ನಿಮಗ? ಹೋದ ವಾರ ಕುಕ್ಕರ್ ಸೀಟಿ ಹೊಡಿತು ಅಂತ ಹೇಳಾಕ ಬಾಲ್ಕನಿ ತನಕ ಬಂದ್ರಿ, ಎಷ್ಟ ಸೀಟಿ ಅಂದ್ರ ಮರತ ಬಿಟ್ಟೀರಿ.”

“ಆತ ಬಿಡು. ರೆಗ್ಯುಲೇಟರ್ ಬಂದ್ ಅದೇನು?”

“ಫೋಟೋ ಕಳಿಸೀನಿ, ನೋಡ್ಕೋರಿ.”

ಕಳಿಸಿದ್ದಳು. ನಾನು ಊರು ಬಿಟ್ಟಾಗೆಲ್ಲ ಅವಳು ಬಂದ್ ಇರುವ ರೆಗ್ಯುಲೇಟರಿನ ಫೋಟೋ ಕಳಿಸುತ್ತಾಳೆ. ಅದು ನಿನ್ನೆಯ ಫೋಟೋ ಅಲ್ಲವಷ್ಟೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮದುವೆ ಉಳಿಯುವುದು ಇಂಥ ಸಣ್ಣ ಧೈರ್ಯಗಳಿಂದ.

ಕಾರ್ಖಾನೆಯ ಸುರಕ್ಷೆ ನೋಡಿಕೊಳ್ಳುವ ಅಧಿಕಾರಿ ಗೇಟಿಗೇ ಬಂದಿದ್ದರು. ದೊಡ್ಡ ಮೈಯ ಮರಾಠಿ ಮನುಷ್ಯ, ಸೊಂಟದಲ್ಲಿ ಚಾವಿಯ ಗೊಂಚಲು. ನನ್ನ ಮುಖ ನೋಡಿದ್ದೇ, “ಟೆನ್ಶನ್ ನಕಾ ಘೇಊ, ಸಾಹೇಬ,” ಅಂದರು. ಟೆನ್ಶನ್ ತಗೋಬೇಡಿ ಅಂತ. ನನಗೆ ಇದನ್ನು ಹೇಳುವವರೆಲ್ಲ ಆಮೇಲೆ ಒಂದು ಕೆಟ್ಟ ಸುದ್ದಿ ಹೇಳುತ್ತಾರೆ. ಅವರೂ ಹೇಳಿದರು. ಗೊಂಚಲಿನಿಂದ ಒಂದು ಸಣ್ಣ ಚಾವಿಯನ್ನು ಬೇರೆ ಮಾಡಿ ಹಿಡಿದು ತೋರಿಸಿದರು. ಬೈಪಾಸಿನ ಚಾವಿ. ಅದನ್ನು ತಿರುಗಿಸಿದರೆ ನಮ್ಮ ಡಬ್ಬಿ ಏನೇ ಕೂಗಿಕೊಂಡರೂ ಭೋಂಗಾ ಹೊಡೆಯುವುದಿಲ್ಲ. ಈ ಸಂಜೆಯೊಳಗೆ ದಾರಿ ಕಾಣದಿದ್ದರೆ ತಿರುಗಿಸುತ್ತೇನೆ, ಒಬ್ಬ ಮನುಷ್ಯನ ಕೈಗೆ ಗ್ಯಾಸು ಅಳೆಯುವ ಮೀಟರ್ ಕೊಟ್ಟು ಸುತ್ತು ಹಾಕಿಸುತ್ತೇನೆ ಎಂದರು.

“ಆದರೆ ಅವನು ಆ ತುದಿಯಲ್ಲಿ ಇದ್ದಾಗ ಈ ತುದಿಯಲ್ಲಿ ಸೋರಿದರೆ?” ನನ್ನ ಹರಕು ಮರಾಠಿಯಲ್ಲಿ ಕೇಳಿದೆ.

ಅವರು ಸಿಟ್ಟಾಗಲಿಲ್ಲ. ಅದೇ ಕಷ್ಟವಾದದ್ದು. “ಗೊತ್ತಿದೆ ಸಾಹೇಬ. ಆದರೆ ನನ್ನ ಜನ ಓಡುವುದನ್ನು ಬಿಡುತ್ತಿದ್ದಾರೆ. ಹೊಡೆದರೂ ಯಾರೂ ಓಡದ ಭೋಂಗಾಕ್ಕಿಂತ ಹೊಡೆಯದ ಭೋಂಗಾ ಮೇಲು. ಇಲ್ಲ ಅಂತ ಗೊತ್ತಿದ್ದರೆ ಮನುಷ್ಯ ಹುಷಾರಾಗಿಯಾದರೂ ಇರುತ್ತಾನೆ.”

ಡಬ್ಬಿ ಎಲ್ಲಿದೆ ತೋರಿಸಿ ಎಂದೆ.

ನಮ್ಮ ಡಬ್ಬಿ ಇದ್ದ ಕೋಣೆ ಡ್ರಮ್ಮುಗಳನ್ನು ತೊಳೆಯುವ ಅಂಗಳಕ್ಕೆ ಹತ್ತಿಕೊಂಡಿತ್ತು. ಲ್ಯಾಪ್‌ಟಾಪ್ ಜೋಡಿಸಿ, ಡಬ್ಬಿಯಲ್ಲಿ ತಾನಾಗಿ ನಡೆಯುತ್ತಿದ್ದ ಡೀಮನ್ನನ್ನು ಭೋಂಗಾ ಹೊಡೆಯದ ಹಾಗೆ ಕ್ರಮವಾಗಿ ನಿಲ್ಲಿಸಿ, ಅದನ್ನೇ ನನ್ನ ಕೈಯಿಂದ ಪರದೆಯ ಮೇಲೆ ಶುರುಮಾಡಿದೆ. ಕಣ್ಣಮುಂದೆಯೇ ಸಾಯಲಿ, ಹೇಗೆ ಸಾಯುತ್ತದೆ ನೋಡೋಣ ಎಂದು. ‘ಮುಟ್ಟಿದೆ’ ಎಂದು ಮನೆಗೆ ಫೋನ್ ಮಾಡಿ ಇಡುತ್ತಿದ್ದಂತೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ನೀರಿನ ಪೈಪು, ಸೀರೆಯ ಮೇಲೆ ಗಂಡಸರ ಅಂಗಿ.

“ಕನ್ನಡ ಮಂದಿ ಏನ್ರಿ ಸಾಹೇಬ್ರ?”

“ಹೌದ್ರಿ ಅಕ್ಕಾರ. ಧಾರವಾಡ ಕಡೆ. ನೀವು?”

“ಯಾದಗಿರಿ ಕಡಿ ರೀ.” ಒಂದು ಹೆಜ್ಜೆ ಒಳಗೆ ಬಂದಳು. ಆ ಒಂದು ಹೆಜ್ಜೆಗೇ ಎಡಗಾಲು ಎಳೆಯುತ್ತದೆಂದು ಕಂಡಿತು. “ಈ ಭೋಂಗಾ ನಿಮ್ದೇನ್ರಿ?”

ಜೀವನದಲ್ಲಿ ಯಾರೂ ನನ್ನನ್ನು ಇಷ್ಟು ನೇರವಾಗಿ ಗುರುತಿಸಿರಲಿಲ್ಲ. “ನಮ್ದ ರೀ,” ಎಂದೆ.

“ಹಂಗಾದ್ರ ನಿಮ್ಮನ್ನ ಕೇಳಬೇಕು. ಕಟ್ಟಡದ ಕೆಲಸಕ್ಕಿದ್ದಾಗ ಸ್ಲ್ಯಾಬ್ ಮ್ಯಾಗಿಂದ ಬಿದ್ದ ಕಾಲ್ರಿ ಇದು. ಭೋಂಗಾ ಹೊಡಿತದ, ಎಲ್ಲಾರೂ ಓಡ್ತಾರ. ನಾ ಗಿಡದ ತನಕ ಹೋಗಿ ಮುಟ್ಟೂದ್ರಾಗ ಅವ್ರೆಲ್ಲ ವಾಪಸ್ ಬರ್ಲಿಕ್ಹತ್ತಿರ್ತಾರ. ನಗ್ತಾರ್ರಿ. ಹ್ವಾದ ಸಲ ಓಡ್ಲಿಲ್ಲ, ಇಲ್ಲೇ ಕುಂತೆ. ಏನೂ ಆಗ್ಲಿಲ್ಲ. ಇನ್ನ ಮುಂದ ಓಡಬೇಕೋ ಬ್ಯಾಡೋ? ಒಂದ ಮಾತ ಹೇಳ್ರಿ.”

ಓಡಿ ಎನ್ನಲೇ? ಆ ಕಾಲು ಎಳೆದುಕೊಂಡು ಬಿಸಿಲಲ್ಲಿ ಮತ್ತೆ ಮತ್ತೆ ಸುಳ್ಳು ಭೋಂಗಾಕ್ಕೆ? ಬೇಡ ಎನ್ನಲೇ? ಅದನ್ನು ಹೇಳಲು ನಾಲಿಗೆ ಏಳುತ್ತದೆಯೇ? “ನೋಡಿ ಹೇಳ್ತೀನ್ರಿ ಅಕ್ಕಾರ, ತುಸು ತಡೀರಿ,” ಎಂದೆ. ಪಾಟಿಯ ಮೇಲಿನ ಹನ್ನೊಂದನ್ನೇ ಅವಳಿಗೂ ತೋರಿಸಿದ್ದೆ.

“ತಡೀತೀನ್ರಿ. ನಾ ಎಲ್ಲಿ ಹೋಗ್ಲಿ,” ಎಂದು ಡ್ರಮ್ಮಿನ ಕಡೆ ತಿರುಗಿದಳು.

ಪರದೆಯ ಮೇಲೆ ಡೀಮನ್ ಚೆನ್ನಾಗಿ ನಡೆದಿತ್ತು. ಹಾಳಾಗಿ ಹೋಗಲಿ ಎಂದು ನಾನು ಬಯಸಿದಷ್ಟೂ ಚೆನ್ನಾಗಿ. ಆಗಾಗ ಒಂದು ಕೆಂಪು ಸಾಲು ಮೂಡುವುದು, ‘ಓದಲು ಆಗಲಿಲ್ಲ’ ಎಂದು; ಕೆಳಗೆ ಮಾಮೂಲು ಬಣ್ಣದಲ್ಲಿ ‘ಹನ್ನೊಂದು, ಮತ್ತೆ ಕೇಳುತ್ತೇನೆ’; ಮತ್ತೆ ಗಾಳಿಯ ಲೆಕ್ಕ. ಸೆನ್ಸರು ತನ್ನನ್ನು ತೊಳೆದುಕೊಳ್ಳುವಾಗ ಬರುವ ಹನ್ನೊಂದು ಅದು. ಇಪ್ಪತ್ತೈದರ ಸುಳಿವಿಲ್ಲ. ಬೆಳಗಿನ ಹೊತ್ತೆಲ್ಲ ರೆಪ್ಪೆ ಮಿಟುಕಿಸದೆ ನೋಡಿದೆ. ಏನೂ ಕೆಡಲಿಲ್ಲ. ಕೂತು ಚಿಂತೆ ಮಾಡುತ್ತಿದ್ದರೆ ಕೆಟ್ಟದ್ದು ಹತ್ತಿರ ಬರುವುದಿಲ್ಲ ಎಂಬ ನನ್ನ ಗುಟ್ಟಿನ ನಂಬಿಕೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಆದರೆ ಸಂಜೆಯ ಮೇಲೆ ಅಲ್ಲಿಯೇ ಕೂತು ನಿವೃತ್ತಿಯವರೆಗೆ ಚಿಂತೆ ಮಾಡಲು ಸಾಧ್ಯವಿರಲಿಲ್ಲ.

ಬೆಂಗಳೂರಿಗೆ ಫೋನ್ ಮಾಡಿದೆ.

“ನಾ ನೋಡಿದ್ರ ಸಾಯೂದಿಲ್ಲರಿ ಅದು.”

“ಹಾಗಾದ್ರೆ ನೋಡ್ಬೇಡಿ ಸಾರ್,” ಅಂದರು. ತಮಾಷೆಗಲ್ಲ. “ವಾಪಸ್ ಸರ್ವೀಸ್ ಥರಾನೇ ಬಿಡಿ. ಅದರ ಪಾಡಿಗೆ ಅದು ಇರ್ಲಿ. ಎರಡರಲ್ಲಿ ಏನೋ ಡಿಫರೆನ್ಸ್ ಇರ್ಲೇಬೇಕು.”

ಅಧಿಕಾರಿಗೆ ಹೇಳಿ, ಡೀಮನ್ನನ್ನು ಮೊದಲಿನಂತೆ ಡಬ್ಬಿಯೊಳಗೆ ತಾನಾಗಿ ನಡೆಯಲು ಬಿಟ್ಟೆ. ಅದು ಬರೆಯುವುದೆಲ್ಲ ಈಗ ಪರದೆಯ ಬದಲು ಲಾಗಿನ ಫೈಲಿಗೆ ಹೋಗುತ್ತದೆ. ಆ ಫೈಲು ಬೆಳೆದಂತೆಲ್ಲ ಅದರ ಪ್ರತಿ ಲ್ಯಾಪ್‌ಟಾಪಿನ ಇನ್ನೊಂದು ಕಿಟಕಿಯಲ್ಲಿ ಕಾಣುವಂತೆ ಮಾಡಿಕೊಂಡೆ. ಊಟದ ಹೊತ್ತು ಕಳೆಯಿತು. ತಂದಿದ್ದ ಬುತ್ತಿ ಬಿಚ್ಚಲಿಲ್ಲ. ಚಹಾ ಕುಡಿದೆ. ಎದ್ದು ವೈರುಗಳನ್ನು ಮುಟ್ಟಿ ನೋಡಿದೆ, ಇಲಿಯ ಹಲ್ಲಿನ ಗುರುತು ಹುಡುಕಿದೆ. ಮತ್ತೆ ಕೂತೆ.

ಭೋಂಗಾ ಹೊಡೆಯಿತು.

ಅದನ್ನು ಅಷ್ಟು ಹತ್ತಿರದಿಂದ ನಾನು ಕೇಳಿರಲೇ ಇಲ್ಲ. ನಮ್ಮ ಕೈಯಿಂದಲೇ ಹೋದದ್ದು, ಆದರೂ ಹಲ್ಲಿನ ಬೇರಿನವರೆಗೆ ನಡುಗಿಸಿತು. ಬಾಗಿಲಾಚೆ ಜನ ಹೊರಟರು. ಕೆಲವರು ಓಡುತ್ತ, ಬಹಳ ಜನ ನಡೆಯುತ್ತ. ಒಬ್ಬ ಕಪ್ಪಿನಲ್ಲಿದ್ದ ಚಹಾ ಮುಗಿಸಿಯೇ ಎದ್ದ. ಇನ್ನಿಬ್ಬರು ಏಳಲೇ ಇಲ್ಲ, ಡ್ರಮ್ಮಿಗೆ ಒರಗಿ ಕೂತು ಕಿವಿ ಮುಚ್ಚಿಕೊಂಡು ಏನೋ ಹೇಳಿಕೊಂಡು ನಗುತ್ತಿದ್ದರು.

ಮತ್ತು ನಾನು. ಕುಕ್ಕರಿನ ಸೀಟಿಗೆ ಬೆಚ್ಚಿ ಬಾಲ್ಕನಿಗೆ ಓಡುವ ಮನುಷ್ಯ, ಕುರ್ಚಿಯಲ್ಲೇ ಕೂತಿದ್ದೆ. ಬೆರಳುಗಳು ಕೀಲಿಗಳ ಮೇಲಿದ್ದವು. ತಲೆ ಎತ್ತಿದರೆ ಬಾಗಿಲಲ್ಲಿ ಯಾದಗಿರಿಯ ಅಕ್ಕ, ಪೈಪು ಕೆಳಗೆ ಬಿಟ್ಟು, ನನ್ನನ್ನೇ ನೋಡುತ್ತ ನಿಂತಿದ್ದಳು.

“ಓಡ್ರಿ ಅಕ್ಕಾರ,” ಎಂದು ಭೋಂಗಾದ ಮೇಲಿಂದ ಕೂಗಿದೆ.

“ನೀವ್ಯಾಕ ಓಡವಲ್ರಿ?”

“ಇದು ನಮ್ಮ ಡಬ್ಬಿದ ಎಡವಟ್ಟರಿ. ಗ್ಯಾಸ್ ಅಲ್ಲ.”

“ನೋಡಿದ್ರೇನ್ರಿ ಮತ್ತ?”

ನೋಡಿರಲಿಲ್ಲ. ಫೈಲಿನ ಕೊನೆಯ ಸಾಲಿಗೆ ನನ್ನ ಕಣ್ಣು ಇನ್ನೂ ಹೋಗಿಯೇ ಇರಲಿಲ್ಲ. ಸುಳ್ಳು ಎಂದು ನಾನು ಮೊದಲೇ ಒಪ್ಪಿಬಿಟ್ಟಿದ್ದೆ. ಡ್ರಮ್ಮಿಗೆ ಒರಗಿ ನಗುತ್ತಿದ್ದ ಆ ಇಬ್ಬರಿಗೂ ನನಗೂ ಏನೂ ವ್ಯತ್ಯಾಸ ಇರಲಿಲ್ಲ. ಅವಳು ಅಲ್ಲಿ ನಿಂತದ್ದು ಕಾಲಿನಿಂದಲ್ಲ, ನಾನು ಕೂತದ್ದರಿಂದ. ಭೋಂಗಾ ಮಾಡಿದವನೇ ಕೂತಿದ್ದಾನೆ, ಇನ್ನು ಓಡುವುದು ಯಾಕೆ?

ಈ ಸಲ ನಿಜವಾಗಿದ್ದರೆ? ಮೂಗು ಎಳೆದು ನೋಡಿದೆ. ಮೂಗಿಗೆ ಗೊತ್ತಾಗುವ ಗ್ಯಾಸಾಗಿದ್ದರೆ ನಮ್ಮ ಡಬ್ಬಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದ್ದೆ.

“ನಡೀರಿ. ನಡೀರಿ ಅಕ್ಕಾರ. ನಾನೂ ಬರ್ತೀನಿ.”

ಕಾಲೆಳೆಯುವ ಅವಳು ಮುಂದೆ, ಮೊಣಕಾಲು ಸವೆದ ನಾನು ಹಿಂದೆ. ಕೂತಿದ್ದ ಇಬ್ಬರು ನಮ್ಮನ್ನು ನೋಡಿ ಒಂದು ಗಳಿಗೆ ನಗು ನಿಲ್ಲಿಸಿದರು, ಆಮೇಲೆ ಬೇಸರದಿಂದ ಎದ್ದು ಬಂದರು. ಬೇವಿನ ಮರದ ಕೆಳಗೆ ಅಧಿಕಾರಿ ತಲೆ ಎಣಿಸುತ್ತಿದ್ದರು. ಸಣ್ಣ ಚಾವಿ ಅವರ ಬೆರಳಿನ ನಡುವೆಯೇ ಇತ್ತು. ಒಳಗೆ ಮೀಟರ್ ಹಿಡಿದು ಹೋದವನು ಸ್ವಲ್ಪ ಹೊತ್ತಿಗೆ ಹೊರಬಂದು ಕೈ ಅಲ್ಲಾಡಿಸಿದ. ಗ್ಯಾಸು ಇಲ್ಲ.

ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ನೋಡಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಮರದ ನೆರಳು ಜನರಿಗೇ ಸಾಲದು. ನಾನು ಬಿಸಿಲಲ್ಲಿ ಕಲ್ಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಮಧ್ಯಾಹ್ನದ ಉರಿಬಿಸಿಲಿಗೆ ಪರದೆ ಕನ್ನಡಿಯಾಗಿತ್ತು. ನನ್ನದೇ ಬೆವರಿನ ಮುಖ, ಹಿಂದೆ ಬೇವಿನ ಟೊಂಗೆ. ಎಡಕ್ಕೆ ಬೆಳಗ್ಗೆ ನಾನು ಕಾವಲು ಕೂತಾಗಿನ ಕಿಟಕಿ, ಬಲಕ್ಕೆ ಈಗ ಸತ್ತದ್ದರ ಲಾಗು. ಬೂದು ಅಕ್ಷರಗಳು ಒಂದೂ ಕಾಣವು. ಎಡಗಡೆ ಮಾತ್ರ ಅಲ್ಲಲ್ಲಿ ಕೆಂಪು ಗೆರೆಗಳು ಎದ್ದು ಕಾಣುತ್ತಿದ್ದವು. ಬಲಗಡೆ ಪೂರ್ತಿ ಖಾಲಿ ಗೋಡೆ.

ನೋಡುತ್ತ ಕೂತೆ. ಮಾಡಲು ಬೇರೇನೂ ಇರಲಿಲ್ಲ. ಅದೇ ಪ್ರೋಗ್ರಾಮು, ಅದೇ ಸಾಲು. ಇಲ್ಲಿ ಕೆಂಪು, ಅಲ್ಲಿ ಇಲ್ಲ. ತಾನು ಬರೆಯುತ್ತಿರುವುದು ಪರದೆಯ ಮೇಲೋ ಫೈಲಿನ ಮೇಲೋ ಎಂಬುದು ಡೀಮನ್‌ಗೆ ಹೇಗೆ ಗೊತ್ತಾಗುತ್ತದೆ?

ಕೇಳಿದರೆ ಗೊತ್ತಾಗುತ್ತದೆ. ಕೇಳುವುದನ್ನು ನಾನೇ ಕಲಿಸಿದ್ದೆ. ಈ ಹೊಸ ಅಪ್‌ಡೇಟ್ ಕಳಿಸುವ ಮುನ್ನ, ಒಂದು ತಪ್ಪೂ ದಾಖಲಾಗದೆ ಹೋಗಬಾರದು ಎಂಬ ಕಳವಳಕ್ಕೆ, ‘ಓದಲು ಆಗಲಿಲ್ಲ’ ಎಂದು ಬರೆಯುವ ಸಾಲು ಸೇರಿಸಿದ್ದೆ. ನನ್ನ ಕಣ್ಣಿಗೆ ಬೇಗ ಬೀಳಲಿ ಎಂದು ಕೆಂಪು ಬಣ್ಣ ಕೊಟ್ಟಿದ್ದೆ. ಫೈಲಿನಲ್ಲಿ ಬಣ್ಣ ಬೇಡ ಎಂದು, ಬರೆಯುವ ಮೊದಲು ‘ನೀನು ಪರದೆಯೋ?’ ಎಂದು ಕೇಳಿಸಿದ್ದೆ. ಪರದೆ ಆಗಿದ್ದರೆ ಹೌದು ಎಂಬ ಉತ್ತರ ಬರುತ್ತದೆ, ಪಾಟಿಯನ್ನು ಯಾರೂ ಮುಟ್ಟುವುದಿಲ್ಲ. ಅಲ್ಲದಿದ್ದರೆ?

ಅಲ್ಲದಿದ್ದರೆ ಪಾಟಿಯ ಮೇಲೆ ಇಪ್ಪತ್ತೈದು ಬೀಳುತ್ತದೆ. ಪರದೆ ಇಲ್ಲದ ಕಾಲದಲ್ಲಿ ಕಂಪ್ಯೂಟರ್ ಉತ್ತರ ಬರೆಯುತ್ತಿದ್ದುದು ಟೈಪ್‌ರೈಟರಿನ ಮೇಲೆ. ಇದು ಟೈಪ್‌ರೈಟರ್ ಅಲ್ಲ.

ಬೆಂಗಳೂರಿಗೆ ಫೋನ್ ಹಚ್ಚಿದೆ. ಈ ಸಲ ಮೊದಲು ನೋಡಿ, ಆಮೇಲೆ.

“ನೀವು ಕಳಿಸಿದ್ದು ಹನ್ನೊಂದ ರೀ,” ಎಂದೆ.

“ಅಲ್ವಾ ಸಾರ್?”

“ನಾ ಅದನ್ನ ಓದೂಕ್ಕಿಂತ ಮೊದಲ ಲಾಗ್ ಬರದೆ.”

ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ.

“ಲಾಗ್ ಒಳಗೆ ಇನ್ನೇನೋ ಫೇಲ್ ಆಗಿ ನಂಬರ್ ಅಳಿಸ್ತು.”

“ಹೌದ್ರಿ.”

“ಎಲ್ರೂ ಮಾಡ್ತಾರೆ ಸಾರ್.” ಆಮೇಲೆ, “ನಾನೂ ಮಾಡಿದೀನಿ.” ಸುಳ್ಳಿರಬಹುದು. ಸಂಜೆಯವರೆಗೆ ಆ ಸುಳ್ಳಿನ ಮೇಲೆಯೇ ನಡೆದೆ.

ಆಫೀಸಿನಲ್ಲಿ ಯಾಕೆ ಕೆಟ್ಟಿರಲಿಲ್ಲ ಎಂಬುದೂ ಈಗ ಸ್ಪಷ್ಟ. ಅಲ್ಲಿ ನಾನು ಸದಾ ಪರದೆಯ ಮುಂದೆ ಕೂತಿರುತ್ತಿದ್ದೆ. ನಾನು ನೋಡುತ್ತಿದ್ದಾಗ ಪಾಟಿ ಅಳಿಯುತ್ತಿರಲಿಲ್ಲ, ನನ್ನ ಕಣ್ಣು ಸರಿದ ಕಡೆಯೆಲ್ಲ ಅಳಿಯುತ್ತಿತ್ತು. ಡೀಮನ್ ತುಸು ಕಾಯಬೇಕಾದಲ್ಲಿ ಪ್ರಾಣ ಬಿಡುತ್ತಿತ್ತು, ಜನ ಬಿಸಿಲಿಗೆ ಓಡುತ್ತಿದ್ದರು, ಮತ್ತೆ ಮತ್ತೆ ಓಡಿ ಓಡುವುದನ್ನೇ ಬಿಡುತ್ತಿದ್ದರು.

ಒಳಗೆ ಹೋಗಿ ಸರಿಮಾಡಿದೆ. ಅಧಿಕಾರಿ ಹಿಂದೆ ನಿಂತು ನೋಡಿದರು. ಇಷ್ಟು ದಿನದ ಗಲಾಟೆಗೆ ನಾನು ಇಷ್ಟೇ ಬೆರಳಾಡಿಸಿದ್ದು ಅವರಿಗೆ ನಂಬಿಕೆ ಬಾರದೆ, “ಝಾಲಂ?” ಎಂದರು. ಆಯಿತೇ ಎಂದು. ಆಯಿತು ಎಂದೆ. ಸೆನ್ಸರು ತನ್ನನ್ನು ತೊಳೆದುಕೊಳ್ಳುವ ಹೊತ್ತಿಗಾಗಿ ಇಬ್ಬರೂ ಕಾದೆವು. ಬಂತು. ಫೈಲಿನಲ್ಲಿ ಹನ್ನೊಂದು ಮೂಡಿತು. ಡೀಮನ್ ತಡೆಯಿತು. ಮತ್ತೆ ಕೇಳಿತು. ಉತ್ತರ ಬಂತು. ಮತ್ತೊಮ್ಮೆ ಹಾಗೇ. ಮಗದೊಮ್ಮೆಯೂ ಹಾಗೇ ಆದ ಮೇಲೆ ಅವರು ಸಣ್ಣ ಚಾವಿಯನ್ನು ಗೊಂಚಲಿಗೆ ಪೋಣಿಸಿ, “ಈಗ ನಿಜವಾಗಿ ಹೊಡೆಯುತ್ತದೋ ನೋಡೋಣ,” ಎಂದು ಕಪಾಟಿನಿಂದ ಪರೀಕ್ಷೆಯ ಗ್ಯಾಸಿನ ಪುಟ್ಟ ಸಿಲಿಂಡರ್ ತೆಗೆದರು. ಯಾರಿಗೂ ಮೊದಲೇ ಹೇಳಲಿಲ್ಲ. ಹೇಳಿ ಹೊಡೆದರೆ ಅದು ಭೋಂಗಾ ಅಲ್ಲ ಎಂದ ಅವರ ಮಾತು ಸರಿಯೇ ಇತ್ತು. ಸೆನ್ಸರಿನ ಬಾಯಿಗೆ ಒಂದಿಷ್ಟು ಬಿಟ್ಟರು.

ಹೊಡೆಯಿತು.

ನಾನು ಓಡಿದೆ. ಪರೀಕ್ಷೆ ಎಂದು ಗೊತ್ತಿದ್ದ ಇಬ್ಬರಲ್ಲಿ ಒಬ್ಬನಾಗಿದ್ದೂ, ಎಲ್ಲರಿಗೂ ಕಾಣುವ ಹಾಗೆ, ಚೀಲ ಬಡಿದುಕೊಳ್ಳುತ್ತ, ಹೊಟ್ಟೆ ಕುಣಿಸುತ್ತ ಅಂಗಳದ ನಡುವಿನಿಂದಲೇ ಓಡಿದೆ. ಮರದ ಬುಡ ಮುಟ್ಟಿ ತಿರುಗಿ ನೋಡಿದೆ. ಕೆಲವರು ಬರುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಬಾಗಿಲಿನವರೆಗೆ ಬಂದು ಅಲ್ಲೇ ನಿಂತಿದ್ದರು, ನಿಲ್ಲುತ್ತದೆ ಬಿಡು ಎಂಬಂತೆ. ಮಧ್ಯಾಹ್ನ ನಕ್ಕ ಇಬ್ಬರು ಕಾಣಲೇ ಇಲ್ಲ. ಡೀಮನ್ನನ್ನು ಸರಿಮಾಡಿಯಾಗಿತ್ತು. ಇವರನ್ನು ಬಾಗಿಲು ದಾಟಿಸಲು ನಾನು ಬರೆಯಬಹುದಾದದ್ದು ಯಾವುದೂ ಇರಲಿಲ್ಲ. ಇನ್ನೆಷ್ಟು ತಿಂಗಳು ಅದು ಸುಮ್ಮನಿದ್ದು, ಹೊಡೆದಾಗೊಮ್ಮೆ ನಿಜವೇ ಹೇಳಿದರೆ ಅವರು ಮತ್ತೆ ಓಡುತ್ತಾರೆ? ಅಷ್ಟರಲ್ಲಿ ನಿಜವಾದದ್ದು ಬಂದುಬಿಟ್ಟರೆ?

ಎಲ್ಲರಿಗಿಂತ ಹಿಂದೆ ಯಾದಗಿರಿಯ ಅಕ್ಕ ಬರುತ್ತಿದ್ದಳು. ಬಾಗಿಲಲ್ಲಿ ನಿಂತವರಿಗೆ ದಾರಿ ಬಿಡಿ ಎಂದು ಬೈದು, ಕಾಲೆಳೆಯುತ್ತ, ಬಯಲನ್ನು ಪೂರ್ತಿ ದಾಟಿ ಬಂದಳು. ಮರಕ್ಕೆ ಕೈಕೊಟ್ಟು ಉಸಿರು ಹಿಡಿದಳು.

“ಖರೇನೇನ್ರಿ ಈ ಸಲ?”

“ಪರೀಕ್ಷಾ ರೀ. ಆದ್ರ ಗ್ಯಾಸ್ ಖರೇನ ಇತ್ತು, ಸಾಹೇಬ್ರು ಬಿಟ್ಟಿದ್ರು. ಭೋಂಗಾ ಇನ್ನ ಸುಮ್ನ ಹೊಡ್ಯಂಗಿಲ್ಲ ಅಕ್ಕಾರ. ಹೊಡದ್ರ ಓಡ್ರಿ.”

“ಗಟ್ಟಿ ಮಾತೇನ್ರಿ? ಮುಂಜಾನಿ ತಡೀರಿ ಅಂದಿದ್ರಿ.”

“ಗಟ್ಟಿ ರೀ.” ಇಂಥ ಮಾತನ್ನು ನಾನು ಯಾರಿಗೂ ಕೊಟ್ಟವನಲ್ಲ. ರೆಗ್ಯುಲೇಟರಿನ ಬಗ್ಗೆ ಕೂಡ.

“ಅಷ್ಟಕ್ಕೂ ಏನ ಕೆಟ್ಟಿತ್ರಿ ಅದರಾಗ? ಇಲಿ ಅಂತಿದ್ರು, ಕರೆಂಟ್ ಅಂತಿದ್ರು.”

“ಇಲಿ ಅಲ್ಲರಿ. ಒಂದ ಸಾಲು ಮ್ಯಾಲಿತ್ತು. ಅದು ಕೆಳಗಿರಬೇಕಿತ್ತು.”

“ಒಂದ ಸಾಲ?”

“ಒಂದ ರೀ.”

“ಬರದವ್ರು ಯಾರ್ರಿ?”

“ನಾನ ರೀ.”

ಅವಳು ತನ್ನ ಕಾಲನ್ನು ನೋಡಿಕೊಂಡಳು, ಬಯಲನ್ನು ನೋಡಿದಳು, ಬಾಗಿಲಲ್ಲಿ ನಿಂತವರನ್ನು ನೋಡಿದಳು. “ಈಗ ಕೆಳಗ ಇಟ್ಟೀರಿಲ್ಲ?”

ಇಟ್ಟಿದ್ದೆ. ಸಂಖ್ಯೆ ಏನೆಂದು ನೋಡುವ ಸಾಲು ಮೊದಲು, ಸುದ್ದಿ ಹೇಳುವ ಸಾಲು ಆಮೇಲೆ.